ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ದೋಷ ಯಾರದು?

ಓದುಗರ ಪ್ರಶ್ನೆ: ನನಗೆ ಮೂವತ್ತೇಳು ವರ್ಷ. ವಿಮಾ ಸಂಸ್ಥೆಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ದಾಖಲೆಗಳೆಲ್ಲ ಇವೆಯೇ, ದಿನಾಂಕಗಳು ಹೊಂದುತ್ತವೆಯೇ, ಸಹಿ ಬಿದ್ದಿದೆಯೇ ಎಂದು ನೋಡಿ ಮುಂದಿನ ಮೇಜಿಗೆ ಕಳುಹಿಸುವುದು ನನ್ನ ಕೆಲಸ. ಸಂಬಳ ಸರಿಯಾದ ಸಮಯಕ್ಕೆ ಬರುತ್ತದೆ, ಮೇಲಧಿಕಾರಿ ಕೆಟ್ಟವರಲ್ಲ. ಆದರೂ ಎರಡು ವರ್ಷಗಳಿಂದ ಬೆಳಿಗ್ಗೆ ಕಂಪ್ಯೂಟರ್ ತೆರೆಯುವುದೇ ಭಾರವಾಗಿದೆ. ಕಳೆದ ವರ್ಷ ಸಂಬಳ ಹೆಚ್ಚಾದಾಗ ಎರಡು ತಿಂಗಳು ಉತ್ಸಾಹವಿತ್ತು, ಮತ್ತೆ ಮೊದಲಿನಂತೆಯೇ. ಪಕ್ಕದ ಮೇಜಿನ ಸಹೋದ್ಯೋಗಿ ಇದೇ ಕೆಲಸವನ್ನು ಖುಷಿಯಿಂದ ಮಾಡುತ್ತಾರೆ. ಕಚೇರಿಯ ತರಬೇತಿಯೊಂದರಲ್ಲಿ ‘ಪ್ರೇರಣೆ ಒಳಗಿನಿಂದ ಬರಬೇಕು’ ಎಂದರು. ಒಳಗೆ ಎಷ್ಟು ಹುಡುಕಿದರೂ ನನಗೇನೂ ಸಿಗುತ್ತಿಲ್ಲ. ಹೊಸದಾಗಿ ಸೇರಿದವರಿಗೆ ತೊಡಕಿನ ಅರ್ಜಿಯೊಂದನ್ನು ಬಿಡಿಸಿ ಹೇಳುವಾಗ ಮಾತ್ರ ಹೊತ್ತು ಹೋದದ್ದು ತಿಳಿಯುವುದಿಲ್ಲ, ಆದರೆ ಅದು ನನ್ನ ಕೆಲಸದ ಭಾಗವಲ್ಲ. ನಾನು ಸೋಮಾರಿಯಾಗಿಬಿಟ್ಟೆನೇ? ಕೆಲಸ ಬಿಡಬೇಕೇ? ಮನೆಯ ಸಾಲವಿದೆ, ಇಬ್ಬರು ಮಕ್ಕಳಿದ್ದಾರೆ.

ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ನನ್ನಲ್ಲೇ ಏನೋ ಕೊರತೆ ಇದೆ ಎಂಬುದು ಒಂದು, ಹಾಗಾಗಿ ಕೆಲಸ ಬಿಡಬೇಕೇನೋ ಎಂಬುದು ಇನ್ನೊಂದು. ಮೊದಲನೆಯದನ್ನು ಬಿಡಿಸಿಕೊಳ್ಳದೆ ಎರಡನೆಯದಕ್ಕೆ ಕೈ ಹಾಕಬೇಡಿ. ತನ್ನ ಮೇಲೆ ತನಗೇ ಬೇಸರವಿರುವಾಗ ಮನುಷ್ಯ ಆ ಬೇಸರದಿಂದ ತಪ್ಪಿಸಿಕೊಳ್ಳುವ ದಾರಿಯನ್ನಷ್ಟೇ ಹುಡುಕುತ್ತಾನೆ. ಆ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವ ತಾಳ್ಮೆ ಆಗ ಇರುವುದಿಲ್ಲ.

ಸೋಮಾರಿತನದ ಮಾತನ್ನು ಇಲ್ಲಿಗೇ ಮುಗಿಸೋಣ. ಉದ್ಯೋಗಸ್ಥರ ಜೊತೆ ಆಪ್ತಸಮಾಲೋಚನೆ ನಡೆಸುವುದು ನನ್ನ ವೃತ್ತಿ. ಈ ಪ್ರಶ್ನೆಯನ್ನು ಹೊತ್ತು ಬರುವವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಕೆಲಸವನ್ನು ಬಹಳ ಹಚ್ಚಿಕೊಂಡಿದ್ದವರು. ಕೆಲಸದ ಬಗ್ಗೆ ಕಾಳಜಿಯೇ ಇಲ್ಲದವರಿಗೆ ಅದು ಸಪ್ಪೆಯಾಯಿತೆಂಬ ನೋವೂ ಇರುವುದಿಲ್ಲ. ನಿಮ್ಮ ಪತ್ರದ ತುಂಬ ಇರುವುದು ಆ ನೋವು.

ಇನ್ನು ತರಬೇತಿಯಲ್ಲಿ ಕೇಳಿದ ಮಾತು. ‘ಪ್ರೇರಣೆ ಒಳಗಿನಿಂದ ಬರಬೇಕು’ ಎಂಬುದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಜನರಿಗೆ ಬಹಳ ಕೆಡುಕು ಮಾಡಿದೆ. ಈ ವಿಷಯದಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದ ಮನೋವಿಜ್ಞಾನಿಗಳು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್. ಅವರ ಪ್ರಕಾರ ಒಳಗಿನ ಪ್ರೇರಣೆ ಚಿಗುರಲು ಮೂರು ಅಗತ್ಯಗಳು ಪೂರೈಕೆಯಾಗಬೇಕು. ಮಾಡುವುದರಲ್ಲಿ ನನ್ನ ಇಚ್ಛೆಗೂ ಜಾಗವಿದೆ ಎನಿಸಬೇಕು. ಇದು ನನಗೆ ಬರುತ್ತದೆ, ಇದರಲ್ಲಿ ಬೆಳೆಯುತ್ತಿದ್ದೇನೆ ಎನಿಸಬೇಕು. ಇದರಿಂದ ನಾನು ಇತರರೊಂದಿಗೆ ಬೆಸೆದುಕೊಂಡಿದ್ದೇನೆ ಎನಿಸಬೇಕು. ಈ ಮೂರನ್ನೂ ಕೊಡುವುದು ಅಥವಾ ಕಸಿದುಕೊಳ್ಳುವುದು ಬಹುಮಟ್ಟಿಗೆ ಸುತ್ತಲಿನ ಸನ್ನಿವೇಶ. ಹಾಗಿರುವಾಗ ಉದ್ಯೋಗಿಯನ್ನು ಒಂಟಿಯಾಗಿ ನಿಲ್ಲಿಸಿ ನಿನ್ನೊಳಗೇ ಹುಡುಕಿಕೋ ಎನ್ನುವುದು, ಮಣ್ಣು ನೀರು ಬೆಳಕು ಯಾವುದನ್ನೂ ನೋಡದೆ ಮೊಳೆಯದ ಬೀಜವನ್ನು ಬೈದ ಹಾಗೆ. ನೀವು ಒಳಗೆ ಹುಡುಕಿ ಸೋತಿದ್ದೀರಿ, ಏಕೆಂದರೆ ಹುಡುಕಬೇಕಾದ ಜಾಗ ಮೇಜಿನ ಮೇಲಿದೆ: ದಿನದ ಒಂದೊಂದು ಕೆಲಸದಲ್ಲಿ, ಅದನ್ನು ನಿಮ್ಮ ಕೈಗೆ ಕೊಟ್ಟಿರುವ ರೀತಿಯಲ್ಲಿ.

ಇದೇ ಸಂಶೋಧಕರ ಇನ್ನೊಂದು ಮಾತು ಬಹಳ ಜನರಿಗೆ ತಲುಪಿಲ್ಲ, ತಲುಪಬೇಕಾಗಿತ್ತು. ಬಲವಂತಕ್ಕೆ ಮಾಡುವುದು ಮತ್ತು ಸಂತೋಷಕ್ಕೆ ಮಾಡುವುದು ಎಂಬ ಎರಡೇ ತುದಿಗಳಿಲ್ಲ, ನಡುವೆ ಮೆಟ್ಟಿಲುಗಳಿವೆ. ಬೈಗುಳದ ಭಯಕ್ಕೆ ಮಾಡುವುದು ಒಂದು. ಮಾಡದಿದ್ದರೆ ಮನಸ್ಸು ಚುಚ್ಚುತ್ತದೆ ಎಂದು ಮಾಡುವುದು ಇನ್ನೊಂದು. ಕೆಲಸ ಮೋಜಿನದಲ್ಲ, ಆದರೆ ಅದಕ್ಕೆ ಬೆಲೆಯಿದೆ, ಆ ಬೆಲೆ ನನಗೂ ಒಪ್ಪಿಗೆ ಎಂದು ಮಾಡುವುದು ಮತ್ತೊಂದು. ಕಚೇರಿಯ ಕೆಲಸದಲ್ಲಿ ನಾವು ನಿಜವಾಗಿ ತಲುಪಬಹುದಾದ, ತಲುಪಿದರೆ ಸಾಕಾಗುವ ಮೆಟ್ಟಿಲು ಈ ಕೊನೆಯದು. ಸಹಿ ಇದೆಯೇ ಎಂದು ನೋಡುವುದರಲ್ಲಿ ಯಾರಿಗೂ ಪರಮಾನಂದ ಸಿಗುವುದಿಲ್ಲ. ಸಿಗಬೇಕೆಂದು ನಿರೀಕ್ಷಿಸಿದರೆ ಪ್ರತಿ ಸಾಮಾನ್ಯ ದಿನವೂ ಸೋಲಿನಂತೆ ಕಾಣುತ್ತದೆ. ನನ್ನ ಬಳಿ ಬರುವವರಲ್ಲಿ ಎಷ್ಟೋ ಮಂದಿಯ ಕಷ್ಟದ ಒಂದು ಪಾಲು ಈ ನಿರೀಕ್ಷೆಯಿಂದಲೇ ಬಂದದ್ದು.

ಸಂಬಳದ ವಿಷಯಕ್ಕೆ ಬರೋಣ. ಹೆಚ್ಚಳದ ಹುರುಪು ಎರಡು ತಿಂಗಳಲ್ಲಿ ಇಳಿಯಿತೆಂದು ನಿಮಗೆ ಅಪರಾಧಿ ಭಾವ ಕಾಡಿದಂತಿದೆ. ಅದು ಅನಗತ್ಯ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಸುಮಾರು ಇನ್ನೂರು ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಸಂದರ್ಶಿಸಿ 1959ರಲ್ಲಿ ಒಂದು ವಾದ ಮುಂದಿಟ್ಟರು: ಅತೃಪ್ತಿಯನ್ನು ತರುವ ಸಂಗತಿಗಳು ಬೇರೆ, ತೃಪ್ತಿಯನ್ನು ಕೊಡುವ ಸಂಗತಿಗಳು ಬೇರೆ. ಸಂಬಳ, ನಿಯಮಗಳು, ಮೇಲ್ವಿಚಾರಣೆ ಸರಿಯಿಲ್ಲದಿದ್ದರೆ ಜನ ನರಳುತ್ತಾರೆ. ಸರಿಯಾದರೆ ನರಳಾಟ ನಿಲ್ಲುತ್ತದೆ, ಅಷ್ಟೇ. ಹುರುಪು ಬರುವುದು ಕೆಲಸದೊಳಗಿನ ಸಾಧನೆ, ಹೊಣೆ, ಬೆಳವಣಿಗೆಯಿಂದ. ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳೂ ಬಂದಿವೆ. ಒಳ್ಳೆಯದಾದರೆ ನನ್ನಿಂದ, ಕೆಟ್ಟದಾದರೆ ಸಂಸ್ಥೆಯಿಂದ ಎಂದು ಹೇಳಿಕೊಳ್ಳುವುದು ಮನುಷ್ಯಸಹಜ, ಸಂದರ್ಶನದಲ್ಲಿ ಹೊರಬಿದ್ದದ್ದು ಅದೇ ಇರಬಹುದು ಎಂದರು ಟೀಕಾಕಾರರು. ಆದರೂ ನಿಮ್ಮ ಎರಡು ತಿಂಗಳ ಅನುಭವವನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ.

ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಆಳಕ್ಕೆ ಹೋಗುತ್ತದೆ. ತುಂಡುಗಳನ್ನು ಜೋಡಿಸಿ ಆಕಾರ ಮಾಡುವ ಒಗಟನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. ಒಂದು ಗುಂಪಿಗೆ ನಡುವಿನ ಒಂದು ಅವಧಿಯಲ್ಲಿ ಬಿಡಿಸಿದ ಪ್ರತಿ ಒಗಟಿಗೂ ಹಣ ಕೊಟ್ಟರು, ಇನ್ನೊಂದಕ್ಕೆ ಕೊಡಲೇ ಇಲ್ಲ. ಪ್ರಯೋಗದ ನಡುವೆ ಸಂಶೋಧಕರು ನೆಪ ಹೇಳಿ ಕೆಲ ನಿಮಿಷ ಹೊರಗೆ ಹೋಗುತ್ತಿದ್ದರು. ಆ ಬಿಡುವಿನಲ್ಲಿ ವಿದ್ಯಾರ್ಥಿಗಳು ಒಗಟನ್ನೇ ಹಿಡಿಯುತ್ತಾರೋ, ಮೇಜಿನ ಮೇಲಿದ್ದ ಪತ್ರಿಕೆ ತಿರುವುತ್ತಾರೋ ಎಂಬುದು ನಿಜವಾದ ಪರೀಕ್ಷೆ. ಹಣ ಪಡೆದಿದ್ದವರು, ಹಣ ನಿಂತ ಮೇಲೆ, ಒಗಟಿನ ಬಳಿ ಕಡಿಮೆ ಹೊತ್ತು ಕಳೆದರು. ಮುಂದೆ 1999ರಲ್ಲಿ ಇಂಥ 128 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಒಂದು ಚಿತ್ರ ಉಳಿಯಿತು: ಆಸಕ್ತಿ ಮೊದಲೇ ಇದ್ದ ಕೆಲಸಕ್ಕೆ ‘ಇದನ್ನು ಮಾಡಿದರೆ ಇಷ್ಟು’ ಎಂದು ಮೊದಲೇ ಹೇಳಿ ಕೊಡುವ ಬಹುಮಾನ ಆ ಆಸಕ್ತಿಯನ್ನು ತಗ್ಗಿಸುತ್ತದೆ, ಚೆನ್ನಾಗಿ ಮಾಡಿದಿರಿ ಎಂಬ ಮನಃಪೂರ್ವಕ ಮಾತು ಹೆಚ್ಚಿಸುತ್ತದೆ.

ಇದನ್ನು ಓದಿ ‘ಹಣ ಮುಖ್ಯವಲ್ಲ’ ಎಂದು ಯಾರಾದರೂ ನಿಮಗೆ ಬೋಧಿಸಲು ಬಂದರೆ ಒಪ್ಪಿಕೊಳ್ಳಬೇಡಿ. ನ್ಯಾಯವಾದ ಸಂಬಳ ಕೊಡದಿರಲು ಈ ಸಂಶೋಧನೆಗಳನ್ನು ನೆಪ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಸಾಲದ ಕಂತಿನ ಚಿಂತೆಯಲ್ಲಿರುವವರಿಗೆ ಕೆಲಸದ ಅರ್ಥದ ಬಗ್ಗೆ ಯೋಚಿಸಲು ಬಿಡುವೇ ಸಿಗುವುದಿಲ್ಲ. ನಿಮಗೆ ಸಂಬಳ ಸರಿಯಾಗಿ ಬರುತ್ತಿರುವುದರಿಂದಲೇ ಈ ಪ್ರಶ್ನೆಯನ್ನು ನೆಮ್ಮದಿಯಿಂದ ಎದುರಿಸಲು ಸಾಧ್ಯವಾಗಿದೆ.

ಪಕ್ಕದ ಮೇಜಿನವರ ವಿಷಯ. ಅವರನ್ನು ನೋಡಿ ನೀವು ನಿಮ್ಮನ್ನು ಅಳೆದುಕೊಳ್ಳುತ್ತಿದ್ದೀರಿ. ಒಂದೇ ಹುದ್ದೆಯಲ್ಲಿರುವವರು ಅದನ್ನು ಬೇರೆ ಬೇರೆ ಕಣ್ಣಿನಿಂದ ನೋಡುವುದು ಸಾಮಾನ್ಯ. ಏಮಿ ರೆಸ್ನೆಸ್ಕಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ತಮ್ಮ ಉದ್ಯೋಗವನ್ನು ಹೊಟ್ಟೆಪಾಡಾಗಿ, ಏರುವ ಏಣಿಯಾಗಿ, ಅಥವಾ ಬದುಕಿನ ಕರೆಯಾಗಿ ಕಾಣುತ್ತಾರೆ ಎಂದು ಗುರುತಿಸಿದರು. ಅದರಲ್ಲಿ ಕಚೇರಿ ಸಹಾಯಕರ ಒಂದು ಸಣ್ಣ ಗುಂಪು, ಇಪ್ಪತ್ನಾಲ್ಕು ಮಂದಿ, ಈ ಮೂರರಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿತ್ತು. ಮುಂದೆ ರೆಸ್ನೆಸ್ಕಿ ಅವರೂ ಜೇನ್ ಡಟನ್ ಅವರೂ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಗಮನಿಸಿದರು. ಕೆಲವರು ಹೇಳಿದ್ದಷ್ಟನ್ನೇ ಮಾಡಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು ಮಾತನಾಡಿಸುತ್ತಿದ್ದರು, ದಾದಿಯರ ಓಡಾಟಕ್ಕೆ ಅಡ್ಡಿಯಾಗದಂತೆ ತಮ್ಮ ಸಮಯ ಹೊಂದಿಸಿಕೊಳ್ಳುತ್ತಿದ್ದರು, ರೋಗಿ ಗುಣವಾಗುವುದರಲ್ಲಿ ತಮ್ಮ ಪಾಲೂ ಇದೆ ಎಂದು ನಂಬಿದ್ದರು. ಇಬ್ಬರ ಹುದ್ದೆಯೂ ಒಂದೇ.

ಇಲ್ಲಿ ಒಂದು ಎಚ್ಚರ ಬೇಕು. ಈ ಕಥೆಯನ್ನು ಹೇಳಿ ‘ನೋಡಿ, ಎಲ್ಲ ಮನೋಭಾವದಲ್ಲಿದೆ’ ಎಂದು ಮುಗಿಸುವವರು ಮುಖ್ಯವಾದದ್ದನ್ನು ಬಿಟ್ಟಿರುತ್ತಾರೆ. ಎರಡನೆಯ ಬಗೆಯ ಸಿಬ್ಬಂದಿ ಭಾವನೆಯನ್ನಷ್ಟೇ ಬದಲಿಸಿಕೊಂಡು ಕೂತಿರಲಿಲ್ಲ. ಮಾಡುವ ಕೆಲಸವನ್ನೇ, ಅದರ ಸಮಯವನ್ನೇ, ಅದರಲ್ಲಿ ಭೇಟಿಯಾಗುವ ಜನರನ್ನೇ ಸ್ವಲ್ಪ ಸ್ವಲ್ಪ ಬದಲಿಸಿಕೊಂಡಿದ್ದರು. ಆದ್ದರಿಂದ ನಿಮ್ಮ ಸಹೋದ್ಯೋಗಿಯ ಸ್ವಭಾವವನ್ನು ಹೊಗಳುವ ಬದಲು ಅವರ ದಿನ ಹೇಗೆ ಸಾಗುತ್ತದೆ ಎಂದು ಕೇಳಿ. ಅವರಿಗೆ ಬರುವ ಅರ್ಜಿಗಳು ಬೇರೆ ಬಗೆಯವೇ? ಅರ್ಜಿದಾರರ ಜೊತೆ ಫೋನಿನಲ್ಲಿ ಮಾತನಾಡುತ್ತಾರೆಯೇ? ತಪ್ಪುಗಳ ಪಟ್ಟಿಯನ್ನೋ ಸುಲಭದ ಕ್ರಮವನ್ನೋ ತಾವೇ ಮಾಡಿಕೊಂಡಿದ್ದಾರೆಯೇ? ಖುಷಿಯಿಂದ ಮಾಡುವವರ ಹಿಂದೆ ಇಂಥದ್ದೊಂದು ಸಣ್ಣ ವ್ಯವಸ್ಥೆ ಇದ್ದೇ ಇರುತ್ತದೆ ಎಂಬುದು ನನ್ನ ಅನುಭವ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು. ಹೊಸಬರಿಗೆ ತೊಡಕಿನ ಅರ್ಜಿ ಬಿಡಿಸಿ ಹೇಳುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ ಎಂದಿರಿ, ಮರುಕ್ಷಣವೇ ಅದು ನನ್ನ ಕೆಲಸವಲ್ಲ ಎಂದು ಪಕ್ಕಕ್ಕಿಟ್ಟಿರಿ. ನಿಮ್ಮ ಪ್ರಶ್ನೆಗೆ ಉತ್ತರದ ಬಹುಭಾಗ ಅಲ್ಲೇ ಇದೆ.

ಆ ಸನ್ನಿವೇಶವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎದುರಿಗೆ ಒಂದು ಅರ್ಜಿ. ಆಸ್ಪತ್ರೆಗೆ ಸೇರಿದ ದಿನಾಂಕ ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಹೊಸಬರು ‘ತಿರಸ್ಕರಿಸಬೇಕಲ್ಲವೇ?’ ಎನ್ನುತ್ತಾರೆ. ನೀವು ‘ತಡೆಯಿರಿ, ರಾತ್ರಿ ಹನ್ನೆರಡರ ಆಸುಪಾಸು ಸೇರಿರಬಹುದು, ಬಿಲ್ಲಿನ ಮೊದಲ ಸಾಲು ನೋಡಿ’ ಎನ್ನುತ್ತೀರಿ. ಆ ಒಂದು ನಿಮಿಷದಲ್ಲಿ ಏನೆಲ್ಲ ನಡೆಯಿತು! ಒಂಬತ್ತು ವರ್ಷಗಳಲ್ಲಿ ಕೂಡಿಟ್ಟ ತಿಳಿವಳಿಕೆ ಕೆಲಸಕ್ಕೆ ಬಂತು. ಹೇಗೆ ಹೇಳಬೇಕು, ಎಲ್ಲಿಂದ ಶುರುಮಾಡಬೇಕು ಎಂಬುದನ್ನು ನೀವೇ ನಿರ್ಧರಿಸಿದಿರಿ. ಎದುರಿಗಿದ್ದವರ ಮುಖದಲ್ಲಿ ಅರ್ಥವಾದದ್ದು ಕಂಡಿತು. ಅರ್ಜಿ ಸಹ ಮೂರು ಪರಿಶೀಲನೆಗಳ ಕಂತೆಯಾಗಿ ಉಳಿಯದೆ ಒಬ್ಬ ಮನುಷ್ಯನ ಒಂದು ರಾತ್ರಿಯಾಗಿ ತೆರೆದುಕೊಂಡಿತು. ಡೆಸಿ ಮತ್ತು ರಯಾನ್ ಹೇಳಿದ ಮೂರೂ ಅಗತ್ಯಗಳು ಇಲ್ಲಿ ಒಟ್ಟಿಗೇ ಪೂರೈಕೆಯಾಗಿವೆ.

ಇದರ ಎದುರು ನಿಮ್ಮ ಉಳಿದ ದಿನವನ್ನಿಡಿ. ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ 1976ರಲ್ಲಿ ಕೆಲಸವೊಂದು ತಾನಾಗಿ ಹುರುಪು ಕೊಡಲು ಬೇಕಾದ ಐದು ಗುಣಗಳನ್ನು ಹೇಳಿದರು: ನಾನಾ ಕೌಶಲಗಳಿಗೆ ಅವಕಾಶ, ಮೊದಲಿನಿಂದ ಕೊನೆಯವರೆಗೆ ಒಂದು ಇಡೀ ಕೆಲಸವನ್ನು ಕಾಣುವುದು, ಅದರಿಂದ ಯಾರಿಗೋ ಏನೋ ಆಗುತ್ತದೆ ಎಂಬ ಅರಿವು, ಸ್ವಂತ ನಿರ್ಧಾರಕ್ಕೆ ಎಡೆ, ಮಾಡಿದ್ದು ಹೇಗಾಯಿತು ಎಂಬ ಸುದ್ದಿ. ನಿಮ್ಮ ಮೇಜಿನಲ್ಲಿ ಒಂಬತ್ತು ವರ್ಷಗಳಿಂದ ಅದೇ ಮೂರು ಪರಿಶೀಲನೆ. ಅರ್ಜಿಯ ಆರಂಭವೂ ಕಾಣದು, ಅಂತ್ಯವೂ ಕಾಣದು, ನಡುವಿನ ಒಂದು ತುಂಡು ಮಾತ್ರ ಕೈಗೆ ಬರುತ್ತದೆ. ಅರ್ಜಿದಾರರಿಗೆ ಹಣ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಯಾವುದನ್ನು ಮೊದಲು ನೋಡಬೇಕೆಂಬುದೂ ಬಹುಶಃ ಯಂತ್ರದ ತೀರ್ಮಾನ. ಸರಿಯಾಗಿ ಮಾಡಿದ ಸಾವಿರ ಅರ್ಜಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ತಪ್ಪಿದ ಒಂದರ ಬಗ್ಗೆ ಮಾತ್ರ ಕರೆ ಬರುತ್ತದೆ. ಇಂಥ ಕೆಲಸದಲ್ಲಿ ಏಳು ವರ್ಷ ಉತ್ಸಾಹ ಉಳಿಸಿಕೊಂಡದ್ದೇ ನಿಮ್ಮ ಗಟ್ಟಿತನ. ಬಾಡಿದ್ದಕ್ಕೆ ಕಾರಣ ಕೆಲಸವನ್ನು ಕತ್ತರಿಸಿ ಹಂಚಿರುವ ರೀತಿಯಲ್ಲಿದೆ, ಹಾಗೆ ಕತ್ತರಿಸಿದ್ದು ನೀವಲ್ಲ.

ಕೆಲಸದ ಫಲ ಪಡೆಯುವವರ ಮುಖ ಕಂಡರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಆ್ಯಡಂ ಗ್ರ್ಯಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅದರಲ್ಲಿ ಗಮನಿಸಿದ್ದು ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಉದ್ಯೋಗಿಗಳನ್ನು. ಒಂದು ಗುಂಪು, ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿಯಾಯಿತು. ಒಂದು ತಿಂಗಳ ನಂತರ ಆ ಗುಂಪು ಫೋನಿನಲ್ಲಿ ಕಳೆಯುವ ಸಮಯವೂ ತಂದ ದೇಣಿಗೆಯೂ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ವಿದ್ಯಾರ್ಥಿಯ ಪತ್ರವನ್ನು ಓದಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗೋಡೆಯ ಮೇಲೆ ಧ್ಯೇಯವಾಕ್ಯ ತೂಗುಹಾಕಿದರೆ ಸಾಕು ಎಂದುಕೊಂಡಿರುವ ಆಡಳಿತದವರು ಈ ಕೊನೆಯ ಸಂಗತಿಯನ್ನು ಗಮನಿಸಬೇಕು ಎಂದು ನನಗೆ ತುಂಬ ಆಸೆ.

ಏನು ಮಾಡಬಹುದು ಎಂಬುದಕ್ಕೆ ಬರುವ ಮುನ್ನ ಒಂದನ್ನು ಖಚಿತಪಡಿಸಿಕೊಳ್ಳಬೇಕು. ಕೆಲಸ ಸಪ್ಪೆಯಾಗುವುದು ಬೇರೆ, ಕೆಲಸದಿಂದ ಬಳಲಿ ಬೇಯುವುದು ಬೇರೆ, ಖಿನ್ನತೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಉದ್ಯೋಗದ ಬಳಲಿಕೆಗೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಶಕ್ತಿ ಸೋರಿಹೋದ ಭಾವ, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿಭಾವ, ಸಾಮರ್ಥ್ಯ ಕುಗ್ಗಿತೆಂಬ ಅನಿಸಿಕೆ. ಅದನ್ನು ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆ. ಆದರೆ ಮಕ್ಕಳ ಜೊತೆಗಿನ ಆಟ, ಗೆಳೆಯರು, ಊಟ, ನಿಮಗೆ ಪ್ರಿಯವಾದ ಹವ್ಯಾಸ ಎಲ್ಲವೂ ರುಚಿ ಕಳೆದುಕೊಂಡಿದ್ದರೆ, ನಿದ್ದೆ ಕೆಟ್ಟು ಎರಡು ವಾರಗಳಿಗೂ ಮಿಕ್ಕಿ ಹಾಗೆಯೇ ಮುಂದುವರಿದಿದ್ದರೆ, ಇಲ್ಲಿಯ ಸಲಹೆಗಳನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ. ಹೊಸಬರ ಜೊತೆಗಿನ ಮಾತಿನಲ್ಲಿ ನಿಮಗೆ ಸಿಗುವ ಹುರುಪನ್ನು ನೋಡಿದರೆ ಆ ಸ್ಥಿತಿ ನಿಮ್ಮದಿರಲಾರದು ಎನಿಸುತ್ತದೆ. ಆದರೆ ಪತ್ರವೊಂದರಿಂದ ರೋಗ ನಿರ್ಣಯ ಮಾಡಬಾರದು.

ಮೊದಲ ಹೆಜ್ಜೆ ಚಿಕ್ಕದು. ಎರಡು ವಾರ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡು, ಒಂದೊಂದು ಬಗೆಯ ಕೆಲಸ ಮುಗಿದ ಕೂಡಲೇ ಒಂದು ಸಾಲು ಬರೆಯಿರಿ: ಏನು ಮಾಡಿದೆ, ಯಾರ ಜೊತೆ, ಮುಗಿದಾಗ ಮನಸ್ಸು ಹೇಗಿತ್ತು. ‘ಇವತ್ತಿನ ದಿನ ಹೇಗಿತ್ತು’ ಎಂದು ರಾತ್ರಿ ಬರೆಯಬೇಡಿ, ಆಗ ಇಡೀ ದಿನಕ್ಕೆ ಒಂದೇ ಬಣ್ಣ ಬಳಿದಿರುತ್ತೀರಿ. ಲೆಕ್ಕಪತ್ರ ವಿಭಾಗದ ಒಬ್ಬ ಮಹಿಳೆ ತನಗೆ ಲೆಕ್ಕದ ಕೆಲಸವೇ ಸಾಕಾಗಿದೆ ಎಂದು ಬಂದಿದ್ದರು. ಅವರ ಸಾಲುಗಳನ್ನು ಒಟ್ಟಿಗೆ ಕೂತು ಓದಿದಾಗ ಕಂಡದ್ದು ಬೇರೆಯೇ. ತಿಂಗಳ ಕೊನೆಯಲ್ಲಿ ಎರಡು ಪಟ್ಟಿಗಳನ್ನು ತಾಳೆ ನೋಡುತ್ತಾ, ಎಲ್ಲೋ ಅಡಗಿದ ಸಣ್ಣ ವ್ಯತ್ಯಾಸವನ್ನು ಹಿಡಿಯುವ ಕೆಲಸವಿದೆಯಲ್ಲ, ಇಡೀ ವಿಭಾಗ ಶಪಿಸುವ ಆ ಕೆಲಸದ ಮುಂದೆ ಆಕೆ ಪ್ರತಿ ಸಲವೂ ‘ಚೆನ್ನಾಗಿತ್ತು’ ಎಂದು ಬರೆದಿದ್ದರು. ಬೇಸರದ ಸಾಲುಗಳೆಲ್ಲ ಕೆಲಸದ ನಡುವೆ ಬಂದು ಎಳೆಯುವ ಸಂದೇಶಗಳ ಬಗ್ಗೆ ಇದ್ದವು. ಬೆಳಗಿನ ಒಂದೂವರೆ ಗಂಟೆ ಸಂದೇಶಗಳನ್ನು ಮುಚ್ಚಿಡಲು ಅನುಮತಿ ಕೇಳುವುದೇ ಅವರಿಗೆ ಬೇಕಾಗಿದ್ದ ಪರಿಹಾರವಾಗಿತ್ತು. ತೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಉದ್ಯೋಗಿಗಳ ಸುಮಾರು 12,000 ದಿನಚರಿ ಬರಹಗಳನ್ನು ಓದಿ ಕಂಡದ್ದೂ ಇದಕ್ಕೆ ಹತ್ತಿರದ್ದು: ಅರ್ಥವಿದೆ ಎನಿಸುವ ಕೆಲಸದಲ್ಲಿ ಒಂದು ಸಣ್ಣ ಹೆಜ್ಜೆ ಮುಂದೆ ಹೋದ ದಿನವೇ ಜನರ ಒಳ್ಳೆಯ ದಿನ. ಉದ್ಯೋಗಿಗಳಿಗೆ ಹುರುಪು ಕೊಡುವುದೇನು ಎಂದು ವ್ಯವಸ್ಥಾಪಕರನ್ನು ಕೇಳಿದಾಗ ಅವರು ಇದಕ್ಕೆ ಕೊಟ್ಟದ್ದು ಕೊನೆಯ ಸ್ಥಾನ.

ಈ ಟಿಪ್ಪಣಿಗೂ ಒಂದು ಅಪಾಯವಿದೆ. ಬೇಸರವನ್ನು ದಿನವೂ ಬರೆದರೆ ಅದು ಕೆಲವರಲ್ಲಿ ಬೆಳೆಯುತ್ತದೆ. ಎರಡು ವಾರಕ್ಕೆ ನಿಲ್ಲಿಸಿಬಿಡಿ.

ಎರಡನೆಯದು, ಅರ್ಜಿಗಳ ಕೊನೆಯನ್ನು ಕಾಣುವುದು. ನಿಮ್ಮ ಕೈದಾಟಿದ ಕೆಲವು ಅರ್ಜಿಗಳು ಮುಂದೆ ಏನಾದವು ಎಂದು ಮುಂದಿನ ಮೇಜಿನವರನ್ನು ಕೇಳಿ, ಅಥವಾ ತಿಂಗಳಿಗೊಮ್ಮೆ ಆ ಮಾಹಿತಿ ಸಿಗುವಂತೆ ಮಾಡಲು ಮೇಲಧಿಕಾರಿಯನ್ನು ಕೋರಿ. ಗೋಪ್ಯತೆಯ ನಿಯಮಗಳು ಎಷ್ಟಕ್ಕೆ ಅವಕಾಶ ಕೊಡುತ್ತವೆಯೋ ಅಷ್ಟು ಸಾಕು. ಹೆಸರು ಬೇಡ, ಏನಾಯಿತು ಎಂಬುದು ಗೊತ್ತಾದರಾಯಿತು. ಇದರ ಬೆಲೆಯನ್ನೂ ತಿಳಿದಿರಿ. ಪರಿಹಾರ ಸಿಕ್ಕವರ ಸುದ್ದಿಯ ಜೊತೆ ಸಿಗದವರ ಸುದ್ದಿಯೂ ಬರುತ್ತದೆ. ಅರ್ಜಿ ನ್ಯಾಯವಾಗಿದ್ದೂ ತಿರಸ್ಕೃತವಾದದ್ದನ್ನು ಕಂಡರೆ ನಿಮಗೆ ರಾತ್ರಿ ನಿದ್ದೆ ಬಾರದಿರಬಹುದು. ದೂರ ಇರುವುದರಲ್ಲಿ ಒಂದು ರಕ್ಷಣೆ ಇತ್ತು, ಅದು ಹೋಗುತ್ತದೆ.

ನನ್ನ ದೃಷ್ಟಿಯಲ್ಲಿ ನಿಮಗೆ ಅತ್ಯಂತ ಮುಖ್ಯವಾದದ್ದು ಮೂರನೆಯದು: ಹೊಸಬರಿಗೆ ಕಲಿಸುವುದನ್ನು ನಿಮ್ಮ ಹುದ್ದೆಯ ಅಧಿಕೃತ ಭಾಗವಾಗಿಸಿಕೊಳ್ಳುವುದು. ಮೇಲಧಿಕಾರಿಯ ಬಳಿ ‘ನನಗೆ ಪ್ರೇರಣೆ ಇಲ್ಲ’ ಎಂದು ಹೋಗಬೇಡಿ. ಆ ಮಾತು ಅವರ ಕಿವಿಗೆ ದೂರಿನಂತೆ ಕೇಳುತ್ತದೆ, ಅಥವಾ ನಿಮ್ಮನ್ನು ಇನ್ನೊಂದು ತರಬೇತಿಗೆ ಕಳುಹಿಸುತ್ತಾರೆ. ಅವರಿಗೂ ಒಂದು ತೊಂದರೆ ಇದೆ: ಹೊಸಬರು ಮಾಡುವ ತಪ್ಪುಗಳು, ಹಿಂದಿರುಗಿ ಬರುವ ಅರ್ಜಿಗಳು. ಅಲ್ಲಿಂದ ಶುರುಮಾಡಿ. ‘ಹೊಸದಾಗಿ ಸೇರಿದವರ ಅರ್ಜಿಗಳು ಹೆಚ್ಚಾಗಿ ಈ ಬಗೆಯ ತೊಡಕುಗಳಲ್ಲಿ ವಾಪಸಾಗುತ್ತಿವೆ. ವಾರಕ್ಕೆ ಮೂರು ಗಂಟೆ ನಾನು ಅವರ ಜೊತೆ ಕೂರಬಲ್ಲೆ. ಅಷ್ಟು ಹೊತ್ತಿನ ಅರ್ಜಿಗಳನ್ನು ನನ್ನ ಗುರಿಯಿಂದ ಕಳೆಯಬೇಕು. ಮೂರು ತಿಂಗಳು ನೋಡೋಣ, ವಾಪಸಾಗುವ ಸಂಖ್ಯೆ ಇಳಿಯದಿದ್ದರೆ ಬಿಟ್ಟುಬಿಡೋಣ’ ಎಂದು ಹೇಳಿ.

‘ಗುರಿಯಿಂದ ಕಳೆಯಬೇಕು’ ಎಂಬ ಮಾತನ್ನು ಸಂಕೋಚಕ್ಕೆ ನುಂಗಿಕೊಳ್ಳಬೇಡಿ. ಅದನ್ನು ಮಿಂಚಂಚೆಯಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಇಲ್ಲಿಯ ಅಪಾಯ ದೊಡ್ಡದು. ಮೃಗಾಲಯದ ಪಾಲಕರ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲಸವನ್ನು ಬದುಕಿನ ಕರೆಯೆಂದು ನಂಬಿದವರಿಗೆ ಅದರಿಂದ ಆಳವಾದ ಅರ್ಥ ಸಿಗುತ್ತಿತ್ತು. ಅವರೇ ಸಂಬಳ, ಸಮಯ, ಸೌಕರ್ಯಗಳನ್ನು ಬಿಟ್ಟುಕೊಡಲು ಮುಂದಾಗುತ್ತಿದ್ದರು, ಆಡಳಿತವು ತಮ್ಮ ನಿಷ್ಠೆಯನ್ನು ದುರುಪಯೋಗ ಮಾಡುತ್ತದೆ ಎಂಬ ಅನುಮಾನವೂ ಅವರಲ್ಲಿತ್ತು. ಕೆಲಸವನ್ನು ಪ್ರೀತಿಸುವವರಿಗೆ ಹೆಚ್ಚುವರಿ ದುಡಿಮೆಯನ್ನು ಸಂಬಳವಿಲ್ಲದೆ ಹೊರಿಸುವುದು ಅಷ್ಟೇನೂ ತಪ್ಪಲ್ಲ ಎಂದು ಜನ ಭಾವಿಸುತ್ತಾರೆ ಎಂಬುದನ್ನು 2020ರ ಇನ್ನೊಂದು ಸಂಶೋಧನೆ ತೋರಿಸಿತು. ‘ಅವರಿಗೆ ಹೇಗೂ ಕಲಿಸುವುದೆಂದರೆ ಇಷ್ಟ, ಅವರೇ ಮಾಡಲಿ’ ಎಂಬ ಮಾತು ನಿಮ್ಮ ಬೆನ್ನ ಹಿಂದೆ ಒಮ್ಮೆ ಹುಟ್ಟಿಕೊಂಡರೆ, ಇಷ್ಟವಿದ್ದ ಒಂದು ಕೆಲಸವೂ ಹೊರೆಯಾಗುತ್ತದೆ. ಹಾಗಾದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ನಿಮ್ಮ ಹುರುಪಿಗೆ ನೀವೇ ಬೇಲಿ ಹಾಕಿಕೊಳ್ಳಬೇಕು.

ಮೇಲಧಿಕಾರಿ ಒಪ್ಪದೆಯೂ ಇರಬಹುದು. ಆಗ ಕೆಲಸವನ್ನು ಹೊಟ್ಟೆಪಾಡಾಗಿಯೇ ಇಟ್ಟುಕೊಂಡು, ಕಲಿಸುವ ಖುಷಿಯನ್ನು ಸಂಜೆಗಳಲ್ಲಿ ಬೇರೆಡೆ ಹುಡುಕುವ ದಾರಿಯಿದೆ. ಇದನ್ನು ಸೋಲೆಂದು ಕಾಣುವವರ ಜೊತೆ ನನಗೆ ಒಮ್ಮತವಿಲ್ಲ. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ, ಸಮಯಕ್ಕೆ ಎದ್ದು, ಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳುವುದು ಮರ್ಯಾದೆಯ ಬದುಕು. ಸಂಸ್ಥೆ ಕೊಳ್ಳುವುದು ನಿಮ್ಮ ದುಡಿಮೆಯನ್ನು, ನಿಮ್ಮ ಉಲ್ಲಾಸವನ್ನು ಸಂಬಳದ ಲೆಕ್ಕದಲ್ಲಿ ಸೇರಿಸಿಲ್ಲ. ಆದರೆ ದಿನದ ಎಂಟೊಂಬತ್ತು ಗಂಟೆಗಳ ಜಡತ್ವ ಬಾಗಿಲಲ್ಲೇ ಉಳಿಯುವುದಿಲ್ಲ, ಎಷ್ಟೋ ಸಲ ಮನೆಯೊಳಗೂ ಬರುತ್ತದೆ. ಸಂಜೆಗೆ ಏನೂ ಮಾಡಲು ಮನಸ್ಸಾಗದೆ ಮೊಬೈಲ್ ಹಿಡಿದು ಕೂರುವ ದಿನಗಳು ಹೆಚ್ಚುತ್ತಿದ್ದರೆ ಈ ದಾರಿ ನಿಮಗೆ ಹಿಡಿಸುತ್ತಿಲ್ಲ ಎಂದರ್ಥ.

ಕೊನೆಗೆ, ಬಿಡುವ ವಿಷಯ. ಸುಳ್ಳು ಬರೆಯಲು ಒತ್ತಡ, ಅವಮಾನ, ಆರೋಗ್ಯಕ್ಕೆ ಪೆಟ್ಟು ಇವುಗಳಲ್ಲಿ ಯಾವುದಾದರೂ ಇದ್ದಿದ್ದರೆ ಆದಷ್ಟು ಬೇಗ ಹೊರಡುವ ಸಿದ್ಧತೆ ಮಾಡಿಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಅವು ಕಾಣಲಿಲ್ಲ. ಆದ್ದರಿಂದ ಈಗಲೇ ಬಿಡಬೇಡಿ, ಸಂಸ್ಥೆಯೊಳಗೇ ತರಬೇತಿ ವಿಭಾಗಕ್ಕೋ ಅರ್ಜಿದಾರರ ಜೊತೆ ನೇರವಾಗಿ ವ್ಯವಹರಿಸುವ ವಿಭಾಗಕ್ಕೋ ವರ್ಗಾವಣೆ ಸಾಧ್ಯವೇ ಎಂದು ಮೊದಲು ನೋಡಿ. ಕೆಲಸ ಬದಲಿಸಿದವರನ್ನು ವರ್ಷಗಟ್ಟಲೆ ಗಮನಿಸಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುವಂತೆ, ಹೊಸ ಕೆಲಸದ ಆರಂಭದಲ್ಲಿ ತೃಪ್ತಿ ಥಟ್ಟನೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಸಂಬಳ ಹೆಚ್ಚಿದಾಗ ನಿಮಗಾದದ್ದೇ ಅಲ್ಲಿಯೂ ಆಗಬಹುದು, ಕೆಲಸದ ಒಳಗು ಬದಲಾಗದೆ ಸಂಸ್ಥೆಯ ಹೆಸರಷ್ಟೇ ಬದಲಾದರೆ ಖಂಡಿತ ಆಗುತ್ತದೆ.

‘ಎಲ್ಲೋ ಒಂದು ಕಡೆ ನನ್ನ ನಿಜವಾದ ಆಸಕ್ತಿ ಕಾಯುತ್ತಿದೆ’ ಎಂಬ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಿ. ಆಸಕ್ತಿ ಹುಟ್ಟಿನಿಂದ ಇರುತ್ತದೆ, ಹುಡುಕಿದರೆ ಸಾಕು ಎಂದು ನಂಬಿದವರು ವಿಷಯ ಕಷ್ಟವಾದ ಕೂಡಲೇ ಅದನ್ನು ಕೈಬಿಡುವ ಸಾಧ್ಯತೆ ಹೆಚ್ಚು. ಅದು ಬೆಳೆಸಿಕೊಳ್ಳುವಂಥದ್ದು ಎಂದುಕೊಂಡವರು ಇನ್ನಷ್ಟು ದೂರ ಹೋಗುತ್ತಾರೆ ಎಂದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಕಲಿಸುವುದರಲ್ಲಿಯೂ ನಿಮಗೆ ಬೇಸರದ ದಿನಗಳು ಬರುತ್ತವೆ. ಅದೇ ತಪ್ಪನ್ನು ಹತ್ತನೆಯ ಸಲ ತಿದ್ದುವಾಗ ಮನಸ್ಸು ಕುಗ್ಗಿದರೆ, ಇದೂ ನನ್ನದಲ್ಲ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ.

ಇಷ್ಟೆಲ್ಲ ಮಾಡಿಯೂ ಆರು ತಿಂಗಳ ನಂತರ ಏನೂ ಕದಲದಿದ್ದರೆ ಹೊರಗೆ ನೋಡಲು ಶುರುಮಾಡಿ. ಸಾಲ ಮತ್ತು ಮಕ್ಕಳಿರುವಾಗ ಹೊಸ ನೇಮಕಾತಿ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಸಂದರ್ಶನದಲ್ಲಿ ಹುದ್ದೆಯ ಹೆಸರು, ಸಂಬಳ ಕೇಳಿದ ಮೇಲೆ ಇನ್ನೂ ಮೂರನ್ನು ಕೇಳಿ: ಒಂದು ಸಾಮಾನ್ಯ ಮಂಗಳವಾರ ಈ ಹುದ್ದೆಯಲ್ಲಿರುವವರು ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡುತ್ತಾರೆ, ಯಾವುದನ್ನು ಅವರೇ ನಿರ್ಧರಿಸುತ್ತಾರೆ, ಮಾಡಿದ ಕೆಲಸ ಏನಾಯಿತೆಂದು ಅವರಿಗೆ ಹೇಗೆ ತಿಳಿಯುತ್ತದೆ. ಉತ್ತರ ಕೊಡುವವರು ತಡವರಿಸಿದರೆ, ಈಗ ಅದೇ ಹುದ್ದೆಯಲ್ಲಿರುವ ಒಬ್ಬರ ಜೊತೆ ಹತ್ತು ನಿಮಿಷ ಮಾತನಾಡಲು ಅವಕಾಶ ಕೇಳಿ.